ಚಾರ್ಟಪ್ಪ

ಚೆನ್ನಪ್ಪ, ಕರಿಯಪ್ಪ, ಪುಟ್ಟಪ್ಪಂದಿರ ನಾಡಿನಲ್ಲಿ ಈಚೆಗೆ ಅವತರಿಸಿರುವ ಹೊಸ ಅಪ್ಪನ ಹೆಸರು ಚಾರ್ಟಪ್ಪ. ವಯಸ್ಸು ಮೂವತ್ತೈದಕ್ಕೆ ಮೇಲೆ, ನಲವತ್ತೈದಕ್ಕೆ ಕೆಳಗೆ. ಮಕ್ಕಳು ಎರಡು, ಫ್ಲ್ಯಾಟು ಒಂದು, ಅದರ ಮೇಲೆ ಸಾಲ ಇಪ್ಪತ್ತು ವರ್ಷದ್ದು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ದಂಡಿಯಾಗಿ ಸಿಗುತ್ತಾನೆ; ಮೈಸೂರು, ಹುಬ್ಬಳ್ಳಿಗಳಲ್ಲಿ ಹುಡುಕಿದರೆ ಸಿಗುತ್ತಾನೆ. ವರ್ಷದ ಹನ್ನೊಂದು ತಿಂಗಳು ಇವನಿಂದ ಯಾರಿಗೂ ತೊಂದರೆಯಿಲ್ಲ. ಯಾವುದೋ ಒಂದು ಶನಿವಾರ ರಾತ್ರಿ ಮಾತ್ರ, ಮಕ್ಕಳು ಹಾಲು ಕುಡಿದ ಲೋಟ ಸೋಫಾದ ಕೈಯ ಮೇಲೆ ಸಾಯಂಕಾಲದಿಂದ ಹಾಗೇ ಕೂತಿರುವುದು ಇವನ ಕಣ್ಣಿಗೆ ಬೀಳುತ್ತದೆ. (ಪಕ್ಕದಲ್ಲೇ ಇವನ ಕಾಫಿ ಲೋಟವೂ ಕೂತಿದೆ. ಅದು ಕಣ್ಣಿಗೆ ಬೀಳುವುದಿಲ್ಲ.) ಎತ್ತಿ ಸಿಂಕಿಗೆ ಹಾಕಲು ಹನ್ನೆರಡು ಹೆಜ್ಜೆ ಸಾಕು. ಆದರೆ ಲೋಟವನ್ನು ಬರೀ ಲೋಟ ಎಂದು ಬಿಡುವ ಜಾಯಮಾನ ಚಾರ್ಟಪ್ಪನದಲ್ಲ. ಅವನಿಗೆ ಅದರ ತಳದಲ್ಲಿ ಅಂಟಿದ ಹಾಲಿನ ಕೆನೆಯಲ್ಲಿ ಒಂದು ಇಡೀ ವ್ಯವಸ್ಥೆಯ ವೈಫಲ್ಯವೇ ಕಾಣುತ್ತದೆ.

ಭಾನುವಾರ ತಿಂಡಿ ಮುಗಿದದ್ದೇ ತಡ, ಸ್ಟೇಷನರಿ ಅಂಗಡಿ. ತಿಳಿ ಹಳದಿಯ ದಪ್ಪ ಚಾರ್ಟ್ ಪೇಪರು, ಹನ್ನೆರಡು ಬಣ್ಣದ ಸ್ಕೆಚ್ ಪೆನ್ನು, ಮಿರಿಮಿರಿ ಮಿಂಚುವ ಸ್ಟಾರ್ ಸ್ಟಿಕರಿನ ಹಾಳೆ, ಎರಡು ಕಡೆಗೂ ಅಂಟುವ ಟೇಪು. ನಡುಮನೆಯಲ್ಲಿ ಮೊಣಕಾಲೂರಿ, ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲಿಟ್ಟು ಗೆರೆ ಎಳೆಯುತ್ತಾನೆ. ಹಾಳೆ ಮೊಳಕ್ಕಿಂತ ಉದ್ದ, ಸ್ಕೇಲು ಗೇಣಿಗಿಂತ ಗಿಡ್ಡ. ಹಾಗಾಗಿ ಒಂದೊಂದು ಗೆರೆಯೂ ನಾಲ್ಕು ಕಡೆ ಸೊಟ್ಟ. ತಲೆಬರಹಕ್ಕೆ ‘ನಮ್ಮ ಮನೆ ನಮ್ಮ ಹೊಣೆ’ ಎಂದು ಬರೆದು, ಅದರ ಸುತ್ತ ಬಳ್ಳಿ ಬಿಡಿಸಿ, ಸೋಮವಾರದಿಂದ ಭಾನುವಾರದವರೆಗೆ ಏಳು ಮನೆ ಕೊರೆದಾದ ಮೇಲೆ, ಎಡಗಡೆ ಕೆಲಸಗಳ ಪಟ್ಟಿ ಬರೆಯಬೇಕಾದಾಗ ಪೆನ್ನು ನಿಲ್ಲುತ್ತದೆ. ಅಡುಗೆಮನೆಯ ಕಡೆ ಕತ್ತು ಹೊರಳಿಸಿ ಕೇಳುತ್ತಾನೆ: “ಕೇಳೇ, ನಮ್ಮನೇಲಿ ದಿನಾ ಏನೇನ್ ಕೆಲ್ಸ ಇರುತ್ತೆ?” ಅವಳು ಒಗ್ಗರಣೆ ಸೌಟು ಕೆಳಗಿಡದೆ ಹೇಳುತ್ತಾ ಹೋಗುತ್ತಾಳೆ: ಉದ್ದು ನೆನೆಹಾಕೋದು, ರುಬ್ಬೋದು, ಹಾಲು ಕಾಯ್ಸೋದು, ಎರಡು ಡಬ್ಬಿ ಕಟ್ಟೋದು, ಸ್ಕೂಲ್ ಡೈರಿಗೆ ಸೈನ್ ಹಾಕೋದು, ಹಸಿ ಕಸ ಒಣ ಕಸ ಬೇರೆ ಮಾಡೋದು, ಗ್ಯಾಸ್ ಬುಕ್ ಮಾಡೋದು, ನಿಮ್ಮಮ್ಮನ ಬೀಪಿ ಮಾತ್ರೆ ತರ್ಸೋದು... “ಸಾಕು ಸಾಕು, ಜಾಗ ಇಲ್ಲ.” ಕೊನೆಗೆ ಚಾರ್ಟಿನಲ್ಲಿ ನಿಲ್ಲುವುದು ಆರೇ ಕೆಲಸ: ಹೊದಿಕೆ ಮಡಚುವುದು, ತಟ್ಟೆ ಸಿಂಕಿಗೆ ಹಾಕುವುದು, ಚಪ್ಪಲಿ ಸ್ಟ್ಯಾಂಡಿನಲ್ಲಿಡುವುದು, ಬಿಚ್ಚಿದ ಬಟ್ಟೆ ಬುಟ್ಟಿಗೆ ಹಾಕುವುದು, ತುಳಸಿಗೆ ನೀರು, ಮತ್ತು ‘ಅಮ್ಮನಿಗೆ ಸಹಾಯ’.

ಈ ಆರನೆಯ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಮನೆ ನಮ್ಮದು, ಹೊಣೆ ನಮ್ಮದು ಎಂದು ಬಳ್ಳಿಯ ನಡುವೆ ಸಾರಿದ ಕೈಯೇ ಅರ್ಧ ಗಂಟೆಯೊಳಗೆ ಕೆಲಸ ಅಮ್ಮನದು, ಉಳಿದವರದ್ದು ಸಹಾಯ ಎಂದು ಬರೆದುಬಿಟ್ಟಿದೆ. ‘ಅಪ್ಪನಿಗೆ ಸಹಾಯ’ ಎಂಬ ಸಾಲು ಇಲ್ಲ, ಏಕೆಂದರೆ ಸಹಾಯ ಬೇಡುವಂಥ ಕೆಲಸ ಅಪ್ಪನ ಹೆಸರಿನಲ್ಲಿ ಯಾವುದೂ ಇಲ್ಲ. ಮಕ್ಕಳ ಹೆಸರು ಎರಡು ಬಣ್ಣದಲ್ಲಿದೆ; ಅಪ್ಪನ ಹೆಸರು ಕೆಳಗಡೆ ಮೂಲೆಯಲ್ಲಿ, ತಪಾಸಣೆ ಮಾಡಿದವರ ಸಹಿಯ ಜಾಗದಲ್ಲಿದೆ. ನನ್ನ ವಾದ ಇಷ್ಟೇ: ಮನೆಯಲ್ಲಿ ತಯಾರಾಗುವ ಈ ಚಾರ್ಟು ಮಕ್ಕಳಿಂದ ಕೆಲಸ ಮಾಡಿಸುವ ಸಾಧನವಾಗಿ ಹುಟ್ಟುವುದು ಅಪರೂಪ. ಅದು ಚಾರ್ಟಪ್ಪ ಆ ವರ್ಷ ಮಾಡುವ ಮನೆಗೆಲಸ. ಆ ಒಂದು ಭಾನುವಾರದ ದುಡಿಮೆಯ ಬಲದ ಮೇಲೆ ಅವನು ಉಳಿದ ಐವತ್ತೊಂದು ಭಾನುವಾರ ಮೇಲ್ವಿಚಾರಕನ ಹುದ್ದೆಯಲ್ಲಿ ಸೋಫಾದ ಮೇಲೆ ಕೂತಿರುತ್ತಾನೆ.

ಇದು ಕುಹಕ ಅನ್ನಿಸಿದರೆ ಸರ್ಕಾರದ ಲೆಕ್ಕವನ್ನೇ ನೋಡೋಣ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಅರ್ಧರ್ಧ ಗಂಟೆಯ ಮನೆ ಕೊರೆದು ತುಂಬುವುದು. ಅಂದರೆ ಅದೂ ಒಂದು ಚಾರ್ಟೇ, ಗೆರೆ ಮಾತ್ರ ನೆಟ್ಟಗೆ. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದವರು ಆರು ವರ್ಷ ದಾಟಿದ ಹೆಣ್ಣುಗಳಲ್ಲಿ ನೂರಕ್ಕೆ 81, ಗಂಡುಗಳಲ್ಲಿ 26. ಕೈ ಹಾಕಿದ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ದುಡಿದಿದ್ದಳು, ಕೈ ಹಾಕಿದ ಗಂಡಸು 97 ನಿಮಿಷ. ಈ 97ರ ಬಗ್ಗೆ ಯಾರೂ ಕಣ್ಣೊರೆಸಿಕೊಳ್ಳಬೇಕಾಗಿಲ್ಲ. ಸಮೀಕ್ಷೆ ಬಳಸಿದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಮನೆಯ ಕೆಲಸಕಾರ್ಯಗಳನ್ನು ಯೋಜಿಸುವುದು, ಹಂಚುವುದು ಕೂಡ ಮನೆಗೆಲಸವೇ. ಸಮೀಕ್ಷೆಯವರು ಸೋಮವಾರ ಬಂದು ಭಾನುವಾರದ ಲೆಕ್ಕ ಕೇಳಿದರೆ, ಚಾರ್ಟು ಬಿಡಿಸಿದ ಎರಡು ಗಂಟೆಯನ್ನು ಚಾರ್ಟಪ್ಪ ಧೈರ್ಯವಾಗಿ ಹೇಳಿಕೊಳ್ಳಬಹುದು.

ಚಾರ್ಟಪ್ಪನಿಗೆ ಒಬ್ಬ ಮೂಲಪುರುಷನೂ ಇದ್ದಾನೆ: ಅಮೆರಿಕದ ಫ್ರ್ಯಾಂಕ್ ಗಿಲ್‌ಬ್ರೆತ್. ಇಟ್ಟಿಗೆ ಕಟ್ಟುವವರ ಕೈಚಲನೆ ಎಣಿಸಿ ಹದಿನೆಂಟನ್ನು ಐದಕ್ಕೆ ಇಳಿಸಿ ಹೆಸರು ಮಾಡಿದ ಎಂಜಿನಿಯರು. ಹುಟ್ಟಿದ ಮಕ್ಕಳು ಹನ್ನೆರಡು. ಹಾಗಾಗಿ ಚಾರ್ಟಿಗೆ ನ್ಯಾಯವಾದ ಕಾರಣವಾದರೂ ಇತ್ತು. ಆ ಮಕ್ಕಳಲ್ಲಿ ಇಬ್ಬರು 1948ರಲ್ಲಿ ಬರೆದ ಪುಸ್ತಕದ ಪ್ರಕಾರ, ಬಚ್ಚಲುಮನೆಯಲ್ಲೇ ಚಾರ್ಟು ತೂಗುಹಾಕಿದ್ದ. ಹಲ್ಲುಜ್ಜಿ, ಸ್ನಾನ ಮಾಡಿ, ತಲೆ ಬಾಚಿ, ಹಾಸಿಗೆ ಸರಿಮಾಡಿದ ಮಕ್ಕಳೆಲ್ಲ ಅದರಲ್ಲಿ ಸಹಿ ಹಾಕಬೇಕಿತ್ತು. ಎರಡೂ ಕೈಯಲ್ಲಿ ಎರಡು ರೇಜರ್ ಹಿಡಿದು ಗಡ್ಡ ಹೆರೆದರೆ 44 ಸೆಕೆಂಡು ಉಳಿಯುತ್ತದೆಂದು ಕಂಡುಕೊಂಡ ಗಿಲ್‌ಬ್ರೆತ್, ಕೊರಳಿಗೆ ಆದ ಗಾಯಕ್ಕೆ ಪಟ್ಟಿ ಕಟ್ಟಲು ಎರಡು ನಿಮಿಷ ಹೋಯಿತೆಂದು ಆ ಯೋಜನೆ ಕೈಬಿಟ್ಟ. ಅವನಿಗೆ ನೋವಾದದ್ದು ಗಾಯಕ್ಕಲ್ಲ, ಆ ಎರಡು ನಿಮಿಷಕ್ಕೆ. 1924ರಲ್ಲಿ ಅವನು ತೀರಿಕೊಂಡ ಮೇಲೆ ಮಕ್ಕಳನ್ನು ದಡ ಸೇರಿಸಿದವಳು ಹೆಂಡತಿ ಲಿಲಿಯನ್. ಅವಳೂ ಎಂಜಿನಿಯರೇ, ಅಡುಗೆಮನೆಯ ವಿನ್ಯಾಸಕ್ಕೆ ಇಳಿದಳು. ಕಾಲಲ್ಲಿ ಒತ್ತಿದರೆ ಬಾಯಿ ತೆರೆಯುವ ಕಸದ ಡಬ್ಬಿ, ಫ್ರಿಜ್ಜಿನ ಬಾಗಿಲಿನ ಒಳಗಡೆಯ ಅರೆಗಳು ಇವತ್ತಿಗೂ ಅವಳ ಹೆಸರಿನ ಜೊತೆ ಕೇಳಿಬರುತ್ತವೆ. ನಮ್ಮ ಚಾರ್ಟಪ್ಪ ತನ್ನ ಚಾರ್ಟನ್ನು ಅಂಟಿಸುವುದು ಸಾಮಾನ್ಯವಾಗಿ ಆ ಬಾಗಿಲಿನ ಹೊರಗಡೆ.

ಅಂಟಿಸಿದ ಮೇಲೆ ಅದನ್ನು ನಡೆಸುವವರು ಯಾರು? ಮೊದಲ ವಾರ ಚಾರ್ಟಪ್ಪನೇ. ಆಫೀಸಿನಲ್ಲಿ ದಿನಾ ಬೆಳಿಗ್ಗೆ ನಿಂತುಕೊಂಡೇ ನಡೆಸುವ ಮೀಟಿಂಗನ್ನು ರಾತ್ರಿ ಫ್ರಿಜ್ಜಿನ ಮುಂದೆಯೂ ನಡೆಸುತ್ತಾನೆ. ಎರಡನೆಯ ವಾರ ರಿಲೀಸು, ಕ್ಲೈಂಟು, ಟ್ರಾಫಿಕ್ಕು. ಆಮೇಲೆ “ಚಾರ್ಟ್ ನೋಡ್ಕೊಂಡ್ಯಾ?” ಎಂದು ದಿನಕ್ಕೆ ಹತ್ತು ಸಲ ಕೇಳುವ ಕೆಲಸ ಯಾರ ಪಾಲಿಗೆ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲು ಅವಳು “ತಟ್ಟೆ ಎತ್ತೋ” ಎಂದರೆ ಮುಗಿಯುತ್ತಿತ್ತು. ಈಗ ತಟ್ಟೆ ಎತ್ತಿಸಬೇಕು, ಸ್ಟಾರು ಹಚ್ಚಿಸಬೇಕು, ತಮ್ಮನ ಸ್ಟಾರನ್ನು ಅಕ್ಕ ಕಿತ್ತು ತನ್ನ ಮನೆಗೆ ಅಂಟಿಸಿಕೊಂಡ ದೂರನ್ನು ವಿಚಾರಣೆ ಮಾಡಬೇಕು. ಅವಳ ಕೆಲಸ ಕಡಿಮೆ ಮಾಡುವ ಬದಲು ಚಾರ್ಟು ಅವಳಿಗೊಂದು ಹೊಸ ಕೆಲಸ ಕೊಟ್ಟಿತು, ಅದಕ್ಕೆ ಚಾರ್ಟಿನಲ್ಲಿ ಸಾಲಿಲ್ಲ. ಇನ್ನೊಬ್ಬರಿಗೂ ಸಾಲಿಲ್ಲ. ನೆಲ ಒರೆಸಿ, ಪಾತ್ರೆ ತಿಕ್ಕಿ, ಬಚ್ಚಲು ತೊಳೆದು ಹೋಗುವಾಕೆ “ನಾಳೆ ಬರಲ್ಲ ಅಕ್ಕಾ” ಅಂದ ದಿನ ಸಿಂಕಿನಲ್ಲಿ ಪಾತ್ರೆಯ ಗುಡ್ಡ ಬೆಳೆದಿರುತ್ತದೆ. ಮಕ್ಕಳಿಗೆ ಕೆಲಸ ಕಲಿಸಲು ಅದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. ಆದರೆ ಅವತ್ತು ಚಾರ್ಟಪ್ಪ ಚಾರ್ಟಿನ ಕಡೆ ನೋಡುವುದೂ ಇಲ್ಲ. ಊಟಕ್ಕೆ ಫೋನಿನಲ್ಲಿ ಆರ್ಡರ್ ಮಾಡುತ್ತಾನೆ. ಒಂದು ಮನೆ ನಡೆಯಲು ನಿಜವಾಗಿ ಬೇಕಾದ ಕೆಲಸಗಳನ್ನೆಲ್ಲ ಸೋಸಿ ತೆಗೆದು, ಬಾಣಲೆಯಲ್ಲಿ ಉಳಿದ ಚರಟವನ್ನು ಮಕ್ಕಳಿಗೆ ಹಂಚಿದ್ದು ಆಗ ಗೊತ್ತಾಗುತ್ತದೆ.

ಸ್ಟಾರಿನ ವಿಚಾರಕ್ಕೆ ಬರೋಣ, ಯಾಕೆಂದರೆ ಚಾರ್ಟಪ್ಪನ ಅರ್ಧ ನಂಬಿಕೆ ಅದರ ಮೇಲಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯಲು ಹಂಬಲಿಸುವ ಪುಟಾಣಿಗಳನ್ನು ಆರಿಸಿ, ಕೆಲವರಿಗೆ “ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ” ಎಂದು ಮೊದಲೇ ಹೇಳಿದರು. ಚಿನ್ನದ ನಕ್ಷತ್ರ, ಕೆಂಪು ರಿಬ್ಬನ್ ಎಲ್ಲ ಇದ್ದ ಪತ್ರ. ಒಂದೆರಡು ವಾರ ಕಳೆದು ಅದೇ ಪೆನ್ನುಗಳನ್ನು ಮುಂದಿಟ್ಟಾಗ, ಪ್ರಶಸ್ತಿಯ ಆಸೆ ಹತ್ತಿಸಿಕೊಂಡಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವನ್ನು ಮುಟ್ಟಿದರು. 1973ರಲ್ಲಿ ಪ್ರಕಟವಾದ ಫಲಿತಾಂಶ ಇದು. ಇಷ್ಟಪಟ್ಟು ಮಾಡುತ್ತಿದ್ದದ್ದು ಕೂಲಿಗೆ ಮಾಡುವ ಕೆಲಸವಾಗಿತ್ತು. ಚಾರ್ಟು ಬಂದ ಮನೆಯಲ್ಲೂ ಅದೇ. ಬಂದ ನೆಂಟರಿಗೆ ಒಂದು ಲೋಟ ನೀರು ತಾ ಅಂದರೆ ಎಂಟು ವರ್ಷದ ಹುಡುಗ “ಅದಕ್ಕೆಷ್ಟು ಸ್ಟಾರು?” ಅನ್ನುತ್ತಾನೆ, ಹುಡುಗಿ “ಅದು ನನ್ನ ಕಾಲಮ್ಮಲ್ಲಿ ಇಲ್ಲ” ಅನ್ನುತ್ತಾಳೆ. ಎರಡೂ ಚಾರ್ಟನ್ನು ಸರಿಯಾಗಿ ಓದಿಕೊಂಡವರ ಮಾತೇ. ಇನ್ನು ದಂಡದ ಹಾದಿ. ಇಸ್ರೇಲಿನ ಹೈಫಾದಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಕೆಲವು ಡೇ ಕೇರ್‌ಗಳು ದಂಡ ಹಾಕಿ ನೋಡಿದವು. ತಡ ಮಾಡುವವರು ಕಡಿಮೆಯಾಗುವ ಬದಲು ಹೆಚ್ಚುಕಡಿಮೆ ದುಪ್ಪಟ್ಟಾದರು. ಮುಂಚೆ ಇದ್ದ ನಾಚಿಕೆಗೆ ಬದಲು ಈಗ ದರ ನಿಗದಿಯಾಗಿತ್ತು. “ತಟ್ಟೆ ಎತ್ತದಿದ್ರೆ ಒಂದು ಸ್ಟಾರ್ ಕಟ್” ಎಂದ ಚಾರ್ಟಪ್ಪನಿಗೆ “ಕಟ್ ಮಾಡ್ಕೊ ಪಪ್ಪಾ” ಎಂದು ಟೀವಿಯಿಂದ ಕಣ್ಣು ತೆಗೆಯದೆ ಹೇಳುವ ಮಗ ಹೈಫಾದ ಹೆಸರನ್ನೂ ಕೇಳಿದವನಲ್ಲ.

ಇದಕ್ಕೆ ಆಕ್ಷೇಪಗಳುಂಟು, ಕೆಲವಕ್ಕೆ ತೂಕವೂ ಉಂಟು. ಅಮ್ಮಂದಿರೂ ಚಾರ್ಟು ಮಾಡುತ್ತಾರಲ್ಲ ಎನ್ನಬಹುದು. ಮಾಡುತ್ತಾರೆ, ಆದರೆ ಅವರದ್ದು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲಿ ಗೀಚಿದ್ದು, ಬಳ್ಳಿ ಇರುವುದಿಲ್ಲ, ಮತ್ತು ಅದರಲ್ಲಿ ಗಂಡನ ಹೆಸರೂ ಇರುತ್ತದೆ. ಅದನ್ನು ನೋಡಿದ ಗಂಡ “ಇದನ್ನ ಚೆನ್ನಾಗಿ ಫಾರ್ಮ್ಯಾಟ್ ಮಾಡೋಣ” ಎಂದು ಎತ್ತಿಕೊಂಡ ದಿನವೇ ಚಾರ್ಟಪ್ಪ ಹುಟ್ಟುತ್ತಾನೆ. ಇಬ್ಬರು ಮಕ್ಕಳ ನಡುವೆ ನ್ಯಾಯ ಬೇಡವೇ, ಅದಕ್ಕಾದರೂ ಚಾರ್ಟು ಬೇಡವೇ ಎಂಬ ಪ್ರಶ್ನೆ ಹೆಚ್ಚು ಗಟ್ಟಿಯದ್ದು. ಮಗಳು ಕಸ ಗುಡಿಸಬೇಕು, ಮಗ ಕಾಲು ಮೇಲೆತ್ತಿ ಕೂರಬೇಕು ಎಂಬುದು ಬಾಯಿಮಾತಿನಲ್ಲಿ ಸಾವಿರ ವರ್ಷ ನಡೆಯಬಲ್ಲದು. ಗೋಡೆಯ ಮೇಲೆ ಬರೆದರೆ ಎದ್ದು ಕಾಣುತ್ತದೆ, ಅಷ್ಟರಮಟ್ಟಿಗೆ ಬರವಣಿಗೆ ಒಳ್ಳೆಯದು. ಚಿತ್ರ ನೋಡಿ ದಿನಚರಿ ಹಿಡಿಯುವ ಆಟಿಸಂನ ಮಕ್ಕಳಿಗೆ ವಿಶೇಷ ಶಿಕ್ಷಕರು ಚಿತ್ರಪಟ್ಟಿ ಮಾಡಿಕೊಡುತ್ತಾರೆ, ಅದು ಊರುಗೋಲಿನಷ್ಟೇ ಅಗತ್ಯ. ಆ ಚಾರ್ಟುಗಳ ಮೇಲೆ ನನಗೆ ಯಾವ ತಕರಾರೂ ಇಲ್ಲ. ಚಾರ್ಟಿಲ್ಲದಿದ್ದರೆ ಮಕ್ಕಳು ಶ್ರಮದ ಬೆಲೆ ಕಲಿಯುವುದು ಹೇಗೆ ಎಂಬುದು ಚಾರ್ಟಪ್ಪನ ಬ್ರಹ್ಮಾಸ್ತ್ರ. ಅದರ ಉತ್ತರ ಮಾರ್ಚ್ ಬಂದಾಗ ಅವನ ಚಾರ್ಟಿನಲ್ಲೇ ಸಿಗುತ್ತದೆ: ಏಳೂ ಮನೆಗೆ ಅಡ್ಡಲಾಗಿ ಒಂದು ಕೆಂಪು ಗೆರೆ, ಅದರ ಮೇಲೆ ‘ಪರೀಕ್ಷೆ’. ಶ್ರಮಕ್ಕೆ ಅಷ್ಟು ಬೆಲೆಯಿದ್ದರೆ ಅಂಕ ಬರುವಾಗ ಅದಕ್ಕೇ ಮೊದಲು ರಜೆ ಯಾಕೆ? ಓದಿನಲ್ಲಿ ಮುಂದಿರುವ ಅಣ್ಣ, ಮನೆಗೆಲಸಕ್ಕೆ ಕೈ ಕೊಡುವ ತಮ್ಮ, ಇವರಲ್ಲಿ ಗಟ್ಟಿ ಯಾವುದು ಟೊಳ್ಳು ಯಾವುದು ಎಂದು ಕೈಲಾಸಂ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಕೇಳಿ ನೂರು ವರ್ಷ ದಾಟಿತು. ಚಾರ್ಟಪ್ಪ ಕಾಲೇಜಿನಲ್ಲಿದ್ದಾಗ ಅದರಲ್ಲಿ ಪಾರ್ಟು ಮಾಡಿದ್ದರೂ ಮಾಡಿರಬಹುದು.

ಕೆಂಪು ಗೆರೆಯಾಚೆಗೆ ಚಾರ್ಟು ಸಾಮಾನ್ಯವಾಗಿ ಬದುಕುವುದಿಲ್ಲ. ಪರೀಕ್ಷೆ ಮುಗಿಯುತ್ತದೆ, ಸ್ಟಾರು ಮುಗಿದಿರುತ್ತದೆ, ಫ್ರಿಜ್ಜಿನ ಮೇಲೆ ಟೇಪಿನ ಅಂಟು ಮಾತ್ರ ಉಳಿಯುತ್ತದೆ. ಆದರೂ ಅದನ್ನು ಎಸೆಯುವುದಿಲ್ಲ, ಯಾಕೆಂದರೆ ಎರಡನೆಯ ವಾರವೇ ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಲ್ಯಾಮಿನೇಷನ್ ಮಾಡಿಸಿದ್ದಾಗಿದೆ. ಬೀರುವಿನ ಹಿಂದೆ ಸುರುಳಿ ಸುತ್ತಿ ನಿಂತಿರುತ್ತದೆ. ಏಪ್ರಿಲಿನಲ್ಲಿ ಊರಿಂದ ಅಜ್ಜಿ ಬರುತ್ತಾಳೆ, ಬೇಸಿಗೆಯ ಬಿಸಿಲು ನೋಡಿ ಸಂಡಿಗೆಗೆ ಅಕ್ಕಿ ನೆನೆಹಾಕುತ್ತಾಳೆ, ಹರಡಲು ಪ್ಲಾಸ್ಟಿಕ್ ಹಾಳೆ ಕೇಳುತ್ತಾಳೆ. ನುಣ್ಣಗಿದೆ, ಅಗಲವಾಗಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಶುದ್ಧ: ಚಾರ್ಟು ಟೆರೇಸು ಹತ್ತುತ್ತದೆ. ಸೋಮವಾರಕ್ಕೊಂದು, ಮಂಗಳವಾರಕ್ಕೊಂದು, ಮನೆಮನೆಗೂ ಒಂದೊಂದು ಸಂಡಿಗೆ. ‘ಅಮ್ಮನಿಗೆ ಸಹಾಯ’ದ ಸಾಲಿನಲ್ಲಿ ಇದೇ ಮೊದಲ ಸಲ ಏಳೂ ದಿನ ಭರ್ತಿ. ಕಾಗೆ ಓಡಿಸಲು ಒಂದು ಕೋಲು ಹಿಡಿದು ಇಬ್ಬರೂ ಮಕ್ಕಳು ನೀರಿನ ಟ್ಯಾಂಕಿನ ನೆರಳಲ್ಲಿ ಮಧ್ಯಾಹ್ನವಿಡೀ ಕೂತಿರುತ್ತಾರೆ, ಅಜ್ಜಿ ಆಚೆ ಕಡೆಗೆ ತಿರುಗಿದಾಗಲೆಲ್ಲ ಅರೆ ಒಣಗಿದ್ದೊಂದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಕೆಳಗಿನಿಂದ ಚಾರ್ಟಪ್ಪ ಫೋನು ಮಾಡಿ, ಯಾರ ಸರದಿ ಎಷ್ಟು ಹೊತ್ತು ಅಂತ ಒಂದು ಪಟ್ಟಿ ಮಾಡಿಕೊಡಲೇ ಎಂದು ವಿಚಾರಿಸುತ್ತಾನೆ.