ಹಡಗಿನಲ್ಲಿ ಸಿಳ್ಳೆ ಹಾಕಬಾರದು

ಮೈಸೂರಿನಲ್ಲಿ ಮಾಜಿ ನೇವಿಯವನಾಗಿ ಬದುಕುವುದು ಸ್ವಲ್ಪ ಕಷ್ಟ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ನಮ್ಮ ಬೀದಿಯವರಿಗೆ ಭೂಸೇನೆ, ವಾಯುಸೇನೆ, ನೌಕಾಸೇನೆ ಎಲ್ಲವೂ ಒಟ್ಟಿಗೆ ‘ಮಿಲಿಟ್ರಿ’. ಮೂಲೆಯ ಮಿಲಿಟ್ರಿ ಹೋಟೆಲಿಗೂ ನನಗೂ ಏನೋ ಪಾಲುದಾರಿಕೆ ಇದ್ದೀತೆಂಬ ಗುಮಾನಿ ಒಂದಿಬ್ಬರಿಗೆ ಇನ್ನೂ ಇದೆ. ನಾನು ನಿವೃತ್ತನಾದದ್ದು ಪೆಟಿ ಆಫೀಸರಾಗಿ. ಬೀದಿ ನನ್ನನ್ನು ಕ್ಯಾಪ್ಟನ್ ಮಾಡಿಕೊಂಡಿದೆ. ಕ್ಯಾಂಟೀನ್ ರಮ್ಮಿನ ವಿಚಾರವಾಗಿ ಬಂದವರು ಅಡ್ಮಿರಲ್ ಅಂತಲೂ ಕರೆದದ್ದುಂಟು.

ಮನೆಯಲ್ಲಿ ಮಾತ್ರ ಬಡ್ತಿ ಇಲ್ಲ. ನೌಕಾಪಡೆಯಲ್ಲಿ ನೆಲದ ಮೇಲಿನ ಠಾಣೆಗಳನ್ನೂ ಹಡಗೆಂದೇ ಲೆಕ್ಕ ಹಾಕುತ್ತಾರೆ. ಗೇಟು ದಾಟಿ ಪೇಟೆಗೆ ಹೊರಟವನು ‘ಅಶೋರ್’ ಹೋದ ಹಾಗೆ. ಆ ಚಾಳಿಗೆ, ಹಾಲು ತರಲು ಹೊರಟವನು “ಅಶೋರ್ ಹೋಗ್ಬರ್ತೀನಿ” ಅಂದರೆ ನನ್ನ ಹೆಂಡತಿ ಒಳಗಿನಿಂದಲೇ, “ದಡ ಸೇರಿದ್ಮೇಲೆ ಕೊತ್ತಂಬರಿ ಸೊಪ್ಪೂ ತಗೊಂಬನ್ನಿ” ಅನ್ನುತ್ತಾಳೆ.

ಇನ್ನೊಂದು ಚಾಳಿ, ನಾನು ಸಿಳ್ಳೆ ಹಾಕುವುದಿಲ್ಲ. ಹಡಗಿನಲ್ಲಿ ಸಿಳ್ಳೆ ನಿಷಿದ್ಧ. ಹಾಕಿದರೆ ಬಿರುಗಾಳಿ ಬರುತ್ತದೆಂದು ಹಳಬರು ಹೆದರಿಸುತ್ತಿದ್ದರು. ಅದಕ್ಕಿಂತ ನಂಬುವಂಥ ಕಾರಣ, ಬೋಸನ್ ಪೈಪಿನ ಆಜ್ಞೆಗೂ ಹುಡುಗರ ಸಿಳ್ಳೆಗೂ ಗೊಂದಲವಾಗಬಾರದು ಎಂಬುದು. ಅಂಗೈಯಲ್ಲಿ ಹಿಡಿಸುವ ಆ ಕೊಳವೆಯಿಂದ ಬರುವುದು ಎರಡೇ ಸ್ವರ, ತಗ್ಗಿನದೊಂದು, ಏರಿದ್ದೊಂದು. ಊಟದ ಕರೆ, ಅಧಿಕಾರಿ ಹಡಗು ಹತ್ತಿದ ಮರ್ಯಾದೆ, ಇದ್ದಲ್ಲೇ ನಿಲ್ಲಿ ಎಂಬ ಅಪ್ಪಣೆ, ಎಲ್ಲವೂ ಅದರಲ್ಲೇ. ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ಅಜ್ಜನ ಪಕ್ಕ ಕೂತು ಕಛೇರಿ ಕೇಳಿ ಬೆಳೆದವನಿಗೆ ಎರಡು ಸ್ವರ ಯಾವ ಮೂಲೆಗೆ ಸಾಲಬೇಕು? ಆದರೆ ಒಬ್ಬ ಮಲಯಾಳಿ ಚೀಫ್ ಇದ್ದರು. ನಾಲಗೆ ಕುಣಿಸಿ, ಬೆರಳು ಮಡಚಿ, ಆ ಎರಡು ಸ್ವರಗಳ ನಡುವೆ ಅವರು ತರುತ್ತಿದ್ದ ಕಂಪಿತ ಕೇಳಿದ್ದರೆ ನಮ್ಮಜ್ಜ ತೊಡೆ ತಟ್ಟುತ್ತಿದ್ದರು.

ನನ್ನ ಮೊದಲ ಹಡಗು ‘ಮೈಸೂರು’. ಊರು ಸಾಕಪ್ಪಾ ಎಂದು ಓಡಿಹೋದವನಿಗೆ ಹಡಗಿನ ಲಾಂಛನದಲ್ಲಿ ಗಂಡಭೇರುಂಡ ಎದುರಾಯಿತು. ಎರಡು ತಲೆ ಇದ್ದದ್ದಕ್ಕೋ ಏನೋ, ಒಂದಾದರೂ ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಆ ಹಡಗು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಹೆಸರು ‘ನೈಜೀರಿಯಾ’. 1942ರ ಆಗಸ್ಟಿನಲ್ಲಿ ಮಾಲ್ಟಾಕ್ಕೆ ಸಾಮಾನು ಒಯ್ಯುವ ಹಡಗುಗಳಿಗೆ ಕಾವಲಾಗಿ ಹೊರಟು, ಇಟಲಿಯ ಸಬ್‌ಮರೀನಿನ ಟಾರ್ಪಿಡೊ ತಿಂದು ಬದುಕಿತು. 1957ರಲ್ಲಿ ನಮ್ಮದಾಯಿತು. 1961ರ ಡಿಸೆಂಬರಿನಲ್ಲಿ ‘ತ್ರಿಶೂಲ್’ ಜೊತೆ ಹೋಗಿ ಕಾರವಾರದೆದುರಿನ ಅಂಜದೀವ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿತು. ಏಳು ಮಂದಿ ನಾವಿಕರು ಅಲ್ಲಿ ಜೀವ ತೆತ್ತರು. ಒಂದು ವಸಾಹತಿನ ಹೆಸರು ಹೊತ್ತು ಹುಟ್ಟಿ, ಒಂದು ಹಳೆಯ ಸಂಸ್ಥಾನದ ಹೆಸರಿಟ್ಟುಕೊಂಡು, ಮೂರನೆಯವರನ್ನು ಓಡಿಸಿದ ಕಬ್ಬಿಣ ಅದು. ಅದನ್ನು ಸ್ವದೇಶಿ ಅನ್ನೋಣವೋ ವಿದೇಶಿ ಅನ್ನೋಣವೋ, ಅದರ ಮೇಲೆ ಬಣ್ಣ ಬಳಿದವನಾಗಿ ನಾನಂತೂ ಹೇಳಲಾರೆ.

ಕುಕ್ಕರಹಳ್ಳಿ ಕೆರೆಯ ಬೆಂಚಿನ ಗೆಳೆಯರಿಗೆ ಆ ಅನುಮಾನವೇ ಇಲ್ಲ. ಅರ್ಧ ಬೆಂಚು ಇಂಗ್ಲಿಷರದ್ದೆಲ್ಲ ಹೋಗಬೇಕು ಅನ್ನುತ್ತದೆ, ಇನ್ನರ್ಧ ಹೋದದ್ದೆಲ್ಲ ರಾಜಕೀಯ ಅನ್ನುತ್ತದೆ. ನಾನು ನಮ್ಮ ಬಾವುಟದ ಕತೆ ಹೇಳುತ್ತೇನೆ. 1950ರಿಂದ ನೌಕಾಪಡೆಯ ಬಾವುಟದಲ್ಲಿ ಮೂಲೆಗೆ ತ್ರಿವರ್ಣ, ಉದ್ದಗಲಕ್ಕೂ ಇಂಗ್ಲಿಷರ ಕೆಂಪು ಶಿಲುಬೆ. 2001ರಲ್ಲಿ ಶಿಲುಬೆ ಹೋಗಿ ನೀಲಿ ಲಾಂಛನ ಬಂತು. ಆಕಾಶ ನೀಲಿ, ನೀರು ನೀಲಿ, ಬಾವುಟದ ನೀಲಿ ಕಾಣುವುದೇ ಇಲ್ಲವೆಂದು ತಕರಾರೆದ್ದು 2004ರಲ್ಲಿ ಶಿಲುಬೆ ಮರಳಿ ಬಂತು. ತೆಗೆದದ್ದೂ ತಂದದ್ದೂ ವಾಜಪೇಯಿಯವರ ಸರ್ಕಾರವೇ ಎಂದರೆ ಬೆಂಚಿನ ಎರಡೂ ಅರ್ಧಗಳು ನನ್ನನ್ನು ಸಂಶಯದಿಂದ ನೋಡುತ್ತವೆ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಹೊಸ ‘ವಿಕ್ರಾಂತ್’ ಪಡೆ ಸೇರಿದಾಗ ಶಿಲುಬೆ ಮತ್ತೆ ಹೋಗಿ, ಶಿವಾಜಿಯ ಮುದ್ರೆಯನ್ನು ನೆನಪಿಸುವ ಎಂಟು ಮೂಲೆಯ ಚಿಹ್ನೆ ಬಂತು. ಅದರಲ್ಲೂ ನೀಲಿ ಇದೆ, ಆದರೆ ಈ ಸಲ ಸುತ್ತ ಬಂಗಾರದ ಅಂಚು. ನನಗೆ ಹಿಡಿಸಿತು.

ಬಾವುಟದ ಮಾತು ಬಂದರೆ ನನಗೆ ನೆನಪಾಗುವುದು 1946. ಆ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ಎಂಬ ಸಿಗ್ನಲ್ ಶಾಲೆಯ ನಾವಿಕರು ಊಟ ಮುಟ್ಟಲಿಲ್ಲ. ಬಡಿಸಿದ ಬೇಳೆ ಕೆಟ್ಟದ್ದು, ಮೇಲಿನವರ ಬೈಗುಳ ಅದಕ್ಕಿಂತ ಕೆಟ್ಟದ್ದು. ಕಿಡಿ ಕರಾಚಿಗೂ ಹಾರಿತು. ಇಪ್ಪತ್ತು ಸಾವಿರದಷ್ಟು ನಾವಿಕರು ಸೇರಿದರು. ಹಡಗಿನ ಕಂಬಗಳ ಮೇಲೆ ಕಾಂಗ್ರೆಸ್, ಲೀಗ್, ಕಮ್ಯುನಿಸ್ಟ್ ಬಾವುಟಗಳು ಒಟ್ಟಿಗೆ ಹಾರಿದವು. ಮತ್ತಾವುದಕ್ಕೂ ಒಪ್ಪದ ಕಾಂಗ್ರೆಸ್ಸೂ ಲೀಗೂ ‘ಶರಣಾಗಿ’ ಎಂದು ಬುದ್ಧಿ ಹೇಳುವುದರಲ್ಲಿ ಒಂದಾದವು. ಪಟೇಲರ ಮಾತು ನಂಬಿ ಹುಡುಗರು ಶರಣಾದರು. ಕೆಲಸ ಕಳೆದುಕೊಂಡವರನ್ನು ಸ್ವತಂತ್ರ ಭಾರತದ ನೌಕಾಪಡೆಯೂ ಕರೆಯಲಿಲ್ಲ. ಪಟೇಲರ ಮೇಲೆ ನನಗೆ ಗೌರವ ಬಹಳ, ಆದರೆ ಇದೊಂದು ವಿಷಯದಲ್ಲಿ ಒಳಗೊಳಗೇ ಜಗಳವಿದೆ. ನಮ್ಮ ಕಾಲದಲ್ಲಿ ಬೇಳೆ ಸೀದರೆ ಯಾರಾದರೊಬ್ಬ ಅಡುಗೆಯವನನ್ನು, “ಏನಯ್ಯಾ, ಇನ್ನೊಂದು ತಲ್ವಾರ್ ಆಗ್ಬೇಕಾ?” ಎಂದು ರೇಗಿಸುತ್ತಿದ್ದ. ಅಷ್ಟೇ ಅವರ ಸ್ಮಾರಕ.

ಇಂಗ್ಲಿಷರದ್ದನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಬೆಂಚಿಗಿಂತ ಎಷ್ಟೋ ಮೊದಲೇ ಮುತ್ತುಸ್ವಾಮಿ ದೀಕ್ಷಿತರು ಬಗೆಹರಿಸಿದ್ದರು. ಮದರಾಸಿನ ಕೋಟೆಯಲ್ಲಿ ಬಾರಿಸುತ್ತಿದ್ದ ಬ್ಯಾಂಡಿನ ಧಾಟಿಗಳನ್ನು ಕೇಳಿ, ಬೈಯಲೂ ಇಲ್ಲ, ಕುಣಿಯಲೂ ಇಲ್ಲ, ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿ ಶಂಕರಾಭರಣದಲ್ಲಿ ಕೂರಿಸಿದರು. ನೋಟ್ಟುಸ್ವರಗಳೆಂದು ಮಕ್ಕಳಿಗೆ ಕಲಿಸುವುದು ಅವನ್ನೇ. ಅವುಗಳಲ್ಲಿ ‘ಸಂತತಂ ಪಾಹಿಮಾಂ’ ಎಂಬುದರ ಧಾಟಿ ಸಾಕ್ಷಾತ್ ಇಂಗ್ಲೆಂಡಿನ ರಾಷ್ಟ್ರಗೀತೆಯದ್ದು. ಅಲ್ಲಿ ರಾಜನನ್ನು ಕಾಯೆಂದು ದೇವರನ್ನು ಕೇಳುತ್ತಾರೆ. ಇವರು ರಾಜನನ್ನು ಬಿಟ್ಟು, ನನ್ನನ್ನು ಕಾಯೆಂದು ನೇರವಾಗಿ ದೇವಿಯನ್ನೇ ಕೇಳಿಕೊಂಡರು. ದೆಹಲಿಯ ಬೀಟಿಂಗ್ ರಿಟ್ರೀಟಿನಿಂದ ‘ಅಬೈಡ್ ವಿತ್ ಮಿ’ ತೆಗೆದ 2022ರಲ್ಲಿ ಬೆಂಚಿನ ಮೇಲೆ ನಾನು ಈ ಉದಾಹರಣೆ ಕೊಟ್ಟೆ. ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರು ಒಪ್ಪಿದರು. ಉಳಿದವರು ಅದೂ ರಾಜಕೀಯವೇ ಅಂದರು.

ವಿದೇಶಿ ಯುದ್ಧನೌಕೆ ಬಂದರಿಗೆ ಬಂದರೆ ಬೆಳಗಿನ ಬಾವುಟ ಏರಿಸುವಾಗ ಅವರ ರಾಷ್ಟ್ರಗೀತೆಗೂ ನಾವು ಸೆಟೆದು ನಿಲ್ಲಬೇಕು. ಹಾಗೆ ಮುಂಬಯಿಯಲ್ಲಿ ಇಂಗ್ಲಿಷ್ ಹಡಗುಗಳಿಗೂ ನಿಂತಿದ್ದೇನೆ. ಮೊನ್ನೆ ಮೊಮ್ಮಗಳ ಸಂಗೀತ ಶಾಲೆಯ ವಾರ್ಷಿಕೋತ್ಸವ. ಪುಟಾಣಿಗಳು ಸಾಲಾಗಿ ಕೂತು ಅದೇ ‘ಸಂತತಂ’ ಶುರು ಮಾಡಿದವು. ಅಜ್ಜಿಯರೆಲ್ಲ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಾನೊಬ್ಬ ಕುರ್ಚಿ ಬಿಟ್ಟೆದ್ದು, ಹೊಟ್ಟೆ ಒಳಗೆಳೆದು, ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದೆ.

“ಏನ್ರೀ, ಸೊಂಟ ಹಿಡ್ಕೊಂಡ್ತಾ?” ಎಂದು ನನ್ನ ಹೆಂಡತಿ ಕೇಳಿದಳು.