ನಾನೇಗೌಡರ ಬ್ಯಾಟರಿ

ಅವರ ನಿಜವಾದ ಹೆಸರು ಇಲ್ಲಿ ಬೇಡ. ಯಾವ ಕೆಲಸ ಎದುರಾದರೂ "ನಾನೇ ಮಾಡ್ತೀನಿ ಬುಡಿ" ಅನ್ನುವುದರಿಂದ ಕೆಂಗಲ್ಲಿನಲ್ಲಿ ಅವರು ನಾನೇಗೌಡರು. ನಿಮ್ಮೂರಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಪ್ಲಂಬರನನ್ನು ಕರೆಸಿದ ನೆರೆಮನೆಯವರನ್ನು ಸೂತಕದ ಮನೆಯವರನ್ನು ಮಾತಾಡಿಸುವ ದನಿಯಲ್ಲಿ ಮಾತಾಡಿಸುವವರು. ಯೂನಿಫಾರಂ ತೊಟ್ಟ ಮೆಕ್ಯಾನಿಕ್ಕನ್ನು ನಾನೇಗೌಡರು ನಂಬುವುದಿಲ್ಲ. ಅಂಗಿ ಮೇಲೆ ಹೆಸರು ಹೊಲಿಸಿಕೊಂಡವನು ಬಿಲ್ ಬರೆಯುವುದಕ್ಕೇ ಹುಟ್ಟಿದವನು ಎಂಬುದು ಅವರ ಸಿದ್ಧಾಂತ. ಅದೇ ಮಾತನ್ನು ಲುಂಗಿ ಉಟ್ಟ ಪಂಕ್ಚರ್ ಅಂಗಡಿಯವನು ಹೇಳಿದರೆ ವೇದವಾಕ್ಯ.

ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಹೊಸದರಲ್ಲಿ ಅವರಿಗೆ ಕೆಲಸಕ್ಕೆ ಬರವಿರಲಿಲ್ಲ. ಮೈಸೂರು ರಸ್ತೆ ಕೆಂಗಲ್ಲಿನ ಆಂಜನೇಯನ ಗುಡಿಯ ಮುಂದೆಯೇ ಹಾದುಹೋಗುತ್ತಿದ್ದ ಕಾಲ. ರೇಡಿಯೇಟರ್ ಕುದ್ದ ಕಾರೋ, ಬೆಲ್ಟ್ ಹರಿದ ವ್ಯಾನೋ ಆಗಾಗ ಬಂದು ನಿಲ್ಲುತ್ತಿತ್ತು. ಗೌಡರು ಕರೆಯದೆ ಹೋಗಿ, ಕೇಳದೆ ಬಾನೆಟ್ ಎತ್ತಿ, ಕಾಸು ಮುಟ್ಟದೆ ವಾಪಸಾಗುತ್ತಿದ್ದರು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಗಾಡಿಗಳೆಲ್ಲ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಬೈಪಾಸಿನಲ್ಲಿ ಹಾರಿಹೋಗತೊಡಗಿದವು. ರಸ್ತೆ ಬದಿಯ ಹೋಟೆಲಿನವರು ವ್ಯಾಪಾರ ಹೋಯಿತೆಂದು ಗೋಳಿಟ್ಟರು. ಗೌಡರಿಗೆ ಹೋದದ್ದು ರೋಗಿಗಳು.

ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಬೆಂಗಳೂರಿಗೆ ಹೋಗಿ ರೋಗಿಯೊಂದನ್ನು ಕೊಂಡೇ ತಂದರು: ಹತ್ತು ವರ್ಷ ಓಡಿದ, ಯಜಮಾನರೇ ದೂರವಿಟ್ಟಿದ್ದ ಹೈಬ್ರಿಡ್ ಕಾರು. "ಪೆಟ್ರೋಲೂ ಉಂಟು, ಕರೆಂಟೂ ಉಂಟು, ಎರಡು ಕಡೆ ಕೈ ಆಡಿಸಬೋದು" ಎಂಬುದೇ ಅವರು ಕಂಡ ಲಾಭ. ಇಂಥ ಕಾರನ್ನು ಬಿಚ್ಚುವ ಧೈರ್ಯ ಹೇಗೆ ಬಂತು ಎಂದು ಕೇಳಿದರೆ ಕೈ ಬಿಡದಿ ಕಡೆ ತೋರಿಸುತ್ತಿದ್ದರು. ಅಲ್ಲಿನ ಕಾರ್ಖಾನೆಯಲ್ಲಿ 2013ರಿಂದಲೇ ಹೈಬ್ರಿಡ್ ಕಾರು ಜೋಡಣೆಯಾಗುತ್ತಿದೆ. "ನಮ್ ಪಕ್ಕದೂರ ಹೈಕ್ಳು ಜೋಡಿಸ್ತವೆ, ನಾನು ಬಿಚ್ಚಕ್ಕಾಗಲ್ವಾ?" ಬಿಚ್ಚುವುದೂ ಜೋಡಿಸುವುದೂ ಒಂದೇ ವಿದ್ಯೆ ಎಂಬ ಈ ನಂಬಿಕೆ ಅವರ ಪಂಥದವರಿಗೆಲ್ಲ ಮೂಲಮಂತ್ರ.

ಒಂದು ಬೇಸಗೆಯಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ ಹೊತ್ತಿಕೊಂಡಿತು. ಸ್ಕ್ಯಾನರ್ ಹಾಕಿದರೆ ಪಿ0ಎ80 ಎಂಬ ಕೋಡು, ಅಂದರೆ ಬ್ಯಾಟರಿ ಬದಲಿಸಿ ಎಂಬ ಅಪ್ಪಣೆ. ಹೊಸದಕ್ಕೆ ಲಕ್ಷಗಳ ಲೆಕ್ಕ. ಗೌಡರ ಮುಖದಲ್ಲಿ ಮಗಳ ಮದುವೆ ದಿನವೂ ಕಾಣದ ಕಳೆ ಬಂತು.

ರೋಗದ ಮೂಲವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಈ ಬ್ಯಾಟರಿ ಕೂತಿರುವುದು ಹಿಂದಿನ ಸೀಟಿನ ಬೆನ್ನಿಗೆ. ಅದಕ್ಕೆ ತಂಪು ಗಾಳಿ ಹೋಗುವುದು ಸೀಟಿನ ಮಗ್ಗುಲಲ್ಲಿರುವ ಸಣ್ಣ ಜಾಲರಿಯಿಂದ. ಗೌಡರು ಆ ಜಾಗದಲ್ಲೇ ಒಂದು ಸುಗ್ಗಿಯಿಡೀ ಮಾವಿನಕಾಯಿ ಮೂಟೆ ಹೇರಿದ್ದರು. ಉಸಿರುಕಟ್ಟಿ ಕಾದ ಬ್ಯಾಟರಿ ಬೇಗ ಮುದಿಯಾಗದೆ ಇನ್ನೇನು?

ಆಪರೇಷನ್ ಮನೆಯಂಗಳದಲ್ಲೇ ಶುರುವಾಯಿತು. ಗೌಡರನ್ನು ಉಡಾಫೆಯವರೆಂದು ತಿಳಿಯಬೇಡಿ, ಅವರು ಓದಿಕೊಂಡಿದ್ದರು. ಒಳಗೆ 34 ತುಂಡು, ಒಂದೊಂದರಲ್ಲಿ 1.2 ವೋಲ್ಟಿನ ಆರು ಸೆಲ್ಲು, ಅಂದರೆ ತುಂಡಿಗೆ 7.2, ಒಟ್ಟು ಹತ್ತಿರ ಹತ್ತಿರ 245 ವೋಲ್ಟು. ಅದೂ ಡಿಸಿ, ಜೀವ ತೆಗೆಯಬಲ್ಲ ಜಾತಿ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವ ಮುಂಚೆ ಸರ್ವಿಸ್ ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಬೇಕು, ಇನ್ವರ್ಟರಿನಲ್ಲಿ ಉಳಿದ ಕರೆಂಟು ಇಳಿಯಬೇಕು. ಈ ಹತ್ತು ನಿಮಿಷವೇ ಇಡೀ ಕೆಲಸದಲ್ಲಿ ಕಷ್ಟದ್ದು. ಜಗತ್ತಿನಲ್ಲಿ ಅವರಿಗೆ ಬಾರದ ಕೆಲಸವೆಂದರೆ ಕೈಕಟ್ಟಿ ನಿಲ್ಲುವುದು. ಹೆಂಡತಿ ಗಡಿಯಾರ ಹಿಡಿದು ಅಡ್ಡ ನಿಂತದ್ದರಿಂದ ಗೌಡರು ಇವತ್ತು ನಮ್ಮ ನಡುವೆ ಇದ್ದಾರೆ. ಇದು ತಮಾಷೆಗೆ ಹೇಳಿದ ಮಾತಲ್ಲ.

ಇನ್ನು "ನಾನೇ" ಎಂಬುದರ ಲೆಕ್ಕ ನೋಡಿ. ಸಾವಿರ ವೋಲ್ಟ್ ತಡೆಯುವ ಕೈಗವಸು ಬಂದದ್ದು ಲೈನ್‌ಮನ್ ಅಳಿಯನಿಂದ. ಸ್ಪ್ಯಾನರು ಎರಡು ಟರ್ಮಿನಲ್ಲಿಗೂ ತಾಗಿ ಕಿಡಿ ಹಾರದಿರಲೆಂದು ಅದಕ್ಕೆ ಮರದ ಹಿಡಿ ಕಡೆದುಕೊಟ್ಟವನು ಚನ್ನಪಟ್ಟಣದ ಗೊಂಬೆ ಕೆಲಸದವನು. ಹಾಲೆ ಮರ, ಅದರ ಮೇಲೆ ಕೆಂಪು ಹಳದಿ ಅರಗಿನ ಬಣ್ಣ, ತೊಟ್ಟಿಲ ಮಗುವಿಗೆ ಕೊಟ್ಟರೂ ಆಡಿಕೊಂಡೀತು. ಬಿಚ್ಚಿದ 34 ತುಂಡನ್ನು ಸಾಲಾಗಿ ಜೋಡಿಸಿಡಲು ತಮ್ಮನ ಮನೆಯಿಂದ ಚಂದ್ರಿಕೆಗಳು ಬಂದವು. ರೇಷ್ಮೆಹುಳು ಗೂಡು ಕಟ್ಟಬೇಕಾದ ಕಡೆ ನಿಕ್ಕಲ್ ಬ್ಯಾಟರಿ ಮಲಗಿತು. ಹಸಿರು ಕಿಲುಬು ಹಿಡಿದಿದ್ದ ತಾಮ್ರದ ಪಟ್ಟಿಗಳನ್ನು ಅತ್ತಿಗೆ ಹುಣಸೆಹಣ್ಣು ಹಚ್ಚಿ ದೇವರ ಪಾತ್ರೆಯ ಜೊತೆಗೇ ಬೆಳಗಿದರು. ಅಷ್ಟು ಫಳಫಳ ಕಾರ್ಖಾನೆಯಲ್ಲೂ ಇದ್ದಿರಲಾರದು. ಮೊಮ್ಮಗನ ಪಾಲಿಗೆ ಟಾರ್ಚು. ಈ ಪಂಥದ ಮನೆಗಳಲ್ಲಿ ಟಾರ್ಚ್ ಹಿಡಿದು ಬೆಳೆದವರಿಗೆ ಗೊತ್ತು, ನಟ್ಟು ಬಿಗಿಯಾದರೂ ತಪ್ಪು ಟಾರ್ಚಿನದೇ, ಸ್ಕ್ರೂ ಬಿದ್ದರೂ ಟಾರ್ಚಿನದೇ. "ಎಲ್ಲಿಗ್ಲಾ ಬುಡ್ತಿದ್ದೀಯ ಬೆಳಕ?"

ಒಂದೊಂದು ತುಂಡಿಗೂ ಹೆಡ್‌ಲೈಟ್ ಬಲ್ಬ್ ಕಟ್ಟಿ ಮೀಟರ್ ಹಿಡಿದರು. ಎಲ್ಲವೂ ಏಳರ ಆಸುಪಾಸು ನಿಂತರೆ ಹತ್ತೊಂಬತ್ತನೆಯದು ಆರಕ್ಕೆ ಜಾರಿತು. ಒಳಗೆ ಒಂದು ಸೆಲ್ ಸತ್ತಿತ್ತು. "ಇಷ್ಟಕ್ಕೆ ಲಕ್ಷ ಕೇಳ್ತಾರಲ್ಲಪ್ಪ!" ಎಂದು ಗೌಡರು ಗರ್ಜಿಸಿದ್ದು ಆಂಜನೇಯನಿಗೂ ಕೇಳಿಸಿರಬೇಕು. ಬದಲಿ ತುಂಡು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂತು.

ಆಗ ಬಾಯಿ ಹಾಕಿದವರು ಪಡಸಾಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು. ಕೆಂಗಲ್ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದವರು, ಬ್ಯಾಟರಿಯ ಗಂಧಗಾಳಿ ಇಲ್ಲದವರು. "ಹಲ್ಲು ಉದುರಿದ ಎತ್ತಿನ ಜೊತೆ ಪ್ರಾಯದ ಹೋರಿ ಕಟ್ತೀಯಲ್ಲ, ನೊಗ ನೆಟ್ಟಗೆ ನಿಂತದಾ?" ಎಂದರು. ವಿಷಯ ಇರುವುದೇ ಇಷ್ಟು. ಒಂದೇ ಸರಪಳಿಯಲ್ಲಿ ಕೂತ ಮೇಲೆ ಹೊಸದು, ಹಳೆಯದು ಒಂದೇ ಸಮ ಎಳೆಯಬೇಕು. ಸೊರಗಿದವು ಮೊದಲು ಬರಿದಾಗಿ, ಮೊದಲು ಬಿಸಿಯಾಗಿ, ಸರದಿ ಪ್ರಕಾರ ಮಲಗುತ್ತವೆ. ಗೌಡರು ಎಲ್ಲವನ್ನೂ ರಾತ್ರಿಯಿಡೀ ಸಮಾನಾಂತರವಾಗಿ ಜೋಡಿಸಿ ವೋಲ್ಟೇಜನ್ನು ಒಂದು ಮಟ್ಟಕ್ಕೆ ತಂದರು. ವೋಲ್ಟೇಜು ಸಮವಾಯಿತು, ವಯಸ್ಸು ಆಗಲಿಲ್ಲ.

ಕಾರು ಓಡಿತು, ಅದನ್ನು ಒಪ್ಪಲೇಬೇಕು. ಆಂಜನೇಯನ ಗುಡಿಯ ಮುಂದೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿ, ಚನ್ನಪಟ್ಟಣದವರೆಗೆ ಹೋಗಿ ಬಂದು, ಕಂಡಕಂಡವರಿಗೆ ಉಳಿದ ದುಡ್ಡಿನ ಲೆಕ್ಕ ಒಪ್ಪಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಏಳನೆಯ ತುಂಡು ಮಲಗಿತು. ದೀಪಾವಳಿಗೆ ಇಪ್ಪತ್ತೆರಡನೆಯದು. ಬೇರೆಯವರಾಗಿದ್ದರೆ ಕಾರು ಮಾರುತ್ತಿದ್ದರು. ಗೌಡರು ಬರಬರುತ್ತಾ ಗೆಲುವಾದರು, ಅವರ ಕೈಯಲ್ಲಿ ಇನ್ನೂ 31 ತುಂಡು ಬಾಕಿ ಇತ್ತಲ್ಲ. ಹಿಂದಿನ ಸೀಟನ್ನು ಈಗ ಕಾರಿಗೆ ಹಾಕುವುದೇ ಇಲ್ಲ. ಅದು ಹಜಾರದಲ್ಲಿದೆ, ಬಂದ ನೆಂಟರು ಅದರ ಮೇಲೇ ಕೂತು ಕಾಫಿ ಕುಡಿಯುತ್ತಾರೆ.

ನಿಮ್ಮದೂ ಇಂಥದ್ದೇ ಹೈಬ್ರಿಡ್ ಆಗಿದ್ದರೆ ಹಿಂದಿನ ಸೀಟಿನ ಮಗ್ಗುಲಿನ ಆ ಜಾಲರಿಯ ಧೂಳನ್ನು ತಿಂಗಳಿಗೊಮ್ಮೆ ಕೊಡವಿ, ಅದರ ಮುಂದೆ ಮೂಟೆ ಇಡಬೇಡಿ. ಹಳೇ ರಸ್ತೆಯಲ್ಲಿ ಬಂದು ಕೆಂಗಲ್ಲಿನಲ್ಲಿ ನಿಲ್ಲಿಸಿದರೆ ಕೈಮುಗಿಯಿರಿ, ಕಾಫಿ ಕುಡಿಯಿರಿ. ಬಾನೆಟ್ ಮಾತ್ರ ಎತ್ತಬೇಡಿ.