ಗಾಳಿ ಮಾವ

ನೊಣವಿನಕೆರೆಯಿಂದ ತಿಪಟೂರಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಪಿವಿಸಿ ಪೈಪಿನ ತುಂಡಿಗೆ ಒಂದು ಕಣ್ಣು ಹಚ್ಚಿ ಒಳಗೆ ನೋಡುತ್ತಾ ಕೂತಿದ್ದರೆ ಪಕ್ಕದಲ್ಲಿ ಕೂರಬೇಡಿ. ಅವರೇ ಗಾಳಿ ಮಾವ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯೂ ಇಂಥವರಿದ್ದಾರೆ. ಮುಖ ಬೇರೆ, ಜೇಬಿನೊಳಗಿನ ಟೆಫ್ಲಾನ್ ಟೇಪು ಒಂದೇ.

ಮಾವನ ಸದ್ಯದ ಹುಚ್ಚು ಕಾಯಿ ಸುಲಿಯುವ ಸಿಲಿಂಡರು. ಗ್ಯಾಸಿನದಲ್ಲ, ಗಾಳಿಯದು. “ಅಂಗಡೀಲಿ ಸಾವಿರಗಟ್ಟಲೆ ಕೇಳ್ತಾರೆ ಕಣಪ್ಪ. ಒಳಗೇನೈತೆ? ಒಂದು ಪೈಪು, ಒಂದು ವಾಷರ್ರು, ಒಂದು ಸರಳು!” ಲೆಕ್ಕ ನಾಲಿಗೆ ತುದಿಯಲ್ಲಿದೆ. ಪೈಪಿನ ಒಳಗಲ 50 ಮಿಮೀ ಆದರೆ ಪಿಸ್ಟನ್ನಿನ ಮುಖ ಸುಮಾರು 20 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರಿಗೂ 4 ಕೆಜಿ ಒತ್ತಡ ಕೊಟ್ಟರೆ 80 ಕೆಜಿ ನೂಕು. “ನಮ್ಮ ಕಾಯಿ ಸುಲಿಯೋನು ಪಂಚೆ ಸಮೇತ ತೂಗಿದ್ರೂ ಅರವತ್ತು ದಾಟಲ್ಲ!” ಆ ಪುಣ್ಯಾತ್ಮ ಈ ಲೆಕ್ಕ ಮುಗಿಯುವಷ್ಟರಲ್ಲಿ ಸಲಾಕೆಗೆ ಚುಚ್ಚಿ, ತಿರುವಿ, ಹತ್ತು ಕಾಯಿ ಸುಲಿದು ಎಸೆದಿರುತ್ತಾನೆ.

ಗಾಳಿ ತುಂಬಲು ಮನೆಯ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿದರು. ಅತ್ತೆ ಈಗ ಫ್ರಿಜ್ಜಿನಲ್ಲಿ ರೇಷ್ಮೆ ಸೀರೆ ಇಡುತ್ತಾರೆ.

ಪೈಪಿನ ಮೈಮೇಲೆ 6 ಕೆಜಿ ಎಂದು ಅಚ್ಚಾಗಿದೆಯಲ್ಲ ಎಂಬುದು ಮಾವನ ಧೈರ್ಯ. ಆ ಲೆಕ್ಕ ನೀರಿಗೆ. ನೀರು ಒತ್ತಿದರೆ ಕುಗ್ಗುವುದಿಲ್ಲ. ಪೈಪು ಸೀಳಿದರೆ ಒಂದಿಷ್ಟು ಚಿಮ್ಮಿ ಒತ್ತಡ ಇಳಿದುಬಿಡುತ್ತದೆ. ಗಾಳಿ ಹಾಗಲ್ಲ, ಕುಗ್ಗಿ ಹೊಂಚು ಹಾಕಿ ಕೂತಿರುತ್ತದೆ. ಪಿವಿಸಿ ಒಡೆಯಿತೋ, ಚೂರುಗಳು ಗುಂಡಿನಂತೆ ಹಾರುತ್ತವೆ. (ಓದುಗರಲ್ಲೂ ಒಬ್ಬ ಗಾಳಿ ಮಾವ ಇದ್ದಾರು ಎಂದು ಹೇಳಿದೆ.) ಒಂದು ಮಧ್ಯಾಹ್ನ ಢಮ್ಮೆಂದಾಗ ಮಾವ ಎಲೆ ಅಡಿಕೆಗೆಂದು ಒಳಗೆ ಹೋಗಿದ್ದರು. ಹೋದದ್ದು ನಾಲ್ಕು ಹಂಚು ಮಾತ್ರ. ಅಂದಿನಿಂದ ಎಲೆ ಅಡಿಕೆ ಬಿಡಿ ಎಂದು ಅತ್ತೆ ಒಂದು ದಿನವೂ ಅಂದಿಲ್ಲ.

ಆಮೇಲೆ ಗುಜರಿಯಲ್ಲಿ ಇಂಡಿಯಾ ಮಾರ್ಕ್-2 ಕೈಪಂಪಿನ ಸಿಲಿಂಡರ್ ಸಿಕ್ಕಿತು. ಎರಕದ ಕಬ್ಬಿಣದ ಮೈ, ಒಳಗೆ 63.5 ಮಿಮೀ ಹಿತ್ತಾಳೆಯ ಕೊಳವೆ, ಪಿಸ್ಟನ್ನು, ವಾಷರ್ರು, ಎಲ್ಲ ಇತ್ತು. ತಾವು ಮಾಡಲು ಹೊರಟಿದ್ದನ್ನು ಯಾರೋ ಎಂದೋ ಮಾಡಿ ಕೊಳವೆಬಾವಿಗೆ ಇಳಿಸಿದ್ದರೆಂದು ತಿಳಿದು ಮಾವನ ಮುಖ ಸಪ್ಪಗಾಯಿತು. ಪಿಸ್ಟನ್ನಿನ ನಡುವೆ ನೀರು ಮೇಲೆ ಬರಲು ಕವಾಟ ಇದೆ, ಅದನ್ನು ಮುಚ್ಚದಿದ್ದರೆ ಗಾಳಿ ನಿಲ್ಲದು ಎಂದು ಗೊತ್ತಾದ ಮೇಲೆಯೇ ಕಳೆ ಬಂದದ್ದು. ಕವಾಟ ಮುಚ್ಚಿ, ಎರಡು ವಾಷರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಡಬಲ್ ಆಕ್ಟಿಂಗ್ ಮಾಡಿದರು: ನೂಕುವುದಕ್ಕೂ ಗಾಳಿ, ಎಳೆಯುವುದಕ್ಕೂ ಗಾಳಿ.

ಮೊದಲ ಕಾಯಿಗೆ ಮಟ್ಟೆ, ಕರಟ, ನೀರು ಒಂದಾದವು. “ಚಟ್ನಿಗೆ ಉಪ್ಪೊಂದು ಕಮ್ಮಿ,” ಎಂದರು ಅತ್ತೆ. ಸುಲಿಯುವವನು ಕೂಲಿ ಏರಿಸಿದ.

ಸಿಲಿಂಡರು ಇದೆ, ಕೆಲಸವಿಲ್ಲ. ಅತ್ತೆ ಕಾಲಲ್ಲಿ ತಳ್ಳಿ ತೆಗೆಯುತ್ತಿದ್ದ ಕೊಟ್ಟಿಗೆಯ ಗೇಟಿಗೆ ಅದನ್ನು ಕಟ್ಟಿದರು. ಮೊನ್ನೆ ಬೆಳಗ್ಗೆ ಹಸು ಒಳಗೆ, ಅತ್ತೆ ಚೊಂಬು ಹಿಡಿದು ಹೊರಗೆ, ಮಾವ ಲೈನ್‌ಮನ್ನಿಗೆ ಫೋನಿನಲ್ಲಿ: “ಬೇಗ ಕರೆಂಟ್ ಬಿಡಪ್ಪ, ಹಾಲು ಕರೀಬೇಕು.”

“ಹಾಲು ಕರೆಯೋಕೆ ಕರೆಂಟ್ ಯಾಕೆ ಮಾವ?”

“ನಿಂಗೆ ಗೊತ್ತಾಗಲ್ಲ ಬಿಡು. ಡಬಲ್ ಆಕ್ಟಿಂಗು!”